ಕೆ-617ರ ಪುಸ್ತಕದಲ್ಲಿ ಒಂದು ಹೆಚ್ಚಿನ ಸಾಲು

2004ರ ಮಾರ್ಚ್ 16, ಮಂಗಳವಾರ, ಬೆಳಿಗ್ಗೆ 10.20. ಸೆವೆರೊದ್ವಿನ್ಸ್ಕ್ ಪೊಲೀಸ್ ಠಾಣೆಗೆ ದಾಖಲೆ ಭಂಡಾರದ ಮುಖ್ಯಸ್ಥೆ ಜಿನಾಯಿದಾ ಅರ್ಕಾದ್ಯೆವ್ನಾ ಬಂದು ದೂರು ಕೊಟ್ಟರು. ಗುಜರಿಗೆ ಹೋದ ಅಣುಶಕ್ತಿಯ ಕ್ಷಿಪಣಿ ಜಲಾಂತರ್ಗಾಮಿ ಕೆ-617ರ ಸೇವಾ ಪುಸ್ತಕದಲ್ಲಿ ಯಾರೋ ಒಂದು ಸಾಲು ಸೇರಿಸಿದ್ದಾರೆ.

"ಪುಸ್ತಕ ಕದ್ದಿಲ್ವಾ?" ಇನ್‌ಸ್ಪೆಕ್ಟರ್ ವೆತೋಶ್ಕಿನ್ ಕೇಳಿದ.

"ಕದ್ದಿದ್ರೆ ಚೆನ್ನಾಗಿತ್ತು. ಕಳೆದ ಪುಸ್ತಕಕ್ಕೆ ನಮೂನೆ ಇದೆ. ಬೆಳೆದ ಪುಸ್ತಕಕ್ಕೆ ಇಲ್ಲ."

ಎಫ್‌ಐಆರ್ ಸಂಖ್ಯೆ 41 ದಾಖಲಾಯಿತು. 11.45ಕ್ಕೆ ಭಂಡಾರದ ಬಾಗಿಲಲ್ಲಿ ಬಂದವರ ಕೋಟು ಕಾಯುವ ಅಜ್ಜಿ ಮತ್ತು ಒಬ್ಬ ನಲ್ಲಿ ರಿಪೇರಿಯವನನ್ನು ಪಂಚರಾಗಿಟ್ಟು ಪಂಚನಾಮೆ ನಡೆಯಿತು. ಪುಸ್ತಕದಲ್ಲಿ ಹದಿನೆಂಟು ವರ್ಷದ ಯಾನಗಳು, ಕ್ಷಿಪಣಿ ಪರೀಕ್ಷೆಗಳು, ಎರಡು ಪ್ರಶಂಸೆ. 1985ರ ಸೆಪ್ಟೆಂಬರಿಗೆ 'ವಿಶೇಷ ಘಟನೆಗಳಿಲ್ಲ.' ಅದರ ಕೆಳಗೆ ಹೊಸ ನೀಲಿ ಶಾಯಿಯಲ್ಲಿ: 'ಸೆ. 3, 04.10. ರಿಯಾಕ್ಟರ್ ಕೋಣೆಯಲ್ಲಿ ಹಬೆ ಸೋರಿಕೆ. ತ್ಯೂಶೆವ್, ಬಾಯ್ಕೊ ಒಳಹೋಗಿ ಮುಚ್ಚಿದರು.' ಕೊನೆಗೆ ಹುದ್ದೆ, ಹೆಸರು, ಸಹಿ: ಮಿಚ್ಮನ್ ಪ್ರೋನಿನ್.

"ಇಂಥ ಅಪರಾಧಿಗಳು ಇನ್ನಿಬ್ಬರು ಸಿಕ್ಕಿದ್ರೆ ನನಗೆ ಬಡ್ತಿ, ಸಾರ್," ಎಂದ ಕಾನ್‌ಸ್ಟೆಬಲ್ ಗಾಲಿಮೊವ್.

ಪಿಂಚಣಿ ಕಚೇರಿ ಪ್ರೋನಿನ್‌ನ ವಿಳಾಸ ಕೊಟ್ಟಿತು. 13.30ಕ್ಕೆ ಬಾಗಿಲು ತೆರೆದ ಮುದುಕ, "ಶೂ ಬಿಚ್ಚಿ ಬನ್ನಿ," ಎಂದ.

"ನೀವೇ ಬರೆದದ್ದಾ?"

"ಸಹಿ ನೋಡಲಿಲ್ವಾ?"

"ಸುಳ್ಳು ಬರೆಯೋರು ಸಹಿ ಹಾಕಲ್ಲ, ತಾತ."

"ಇಪ್ಪತ್ತೆರಡು ವರ್ಷ ಹಡಗುಗಳ ಕಾವಲು ಪಾಳಿಯ ಪುಸ್ತಕ ಬರೆದ ಕೈ ಇದು. ಸಹಿ ಇಲ್ಲದೆ ಸಾಲು ಮುಗಿಸೋಕೆ ಬರಲ್ಲ. ಅದಿರಲಿ, ಸುಳ್ಳು ಅಂದೋರ್ಯಾರು?"

ಪ್ರೋನಿನ್ ವಿವರಿಸಿದ: ಬಾಯ್ಕೊ ಸತ್ತು ಆರು ವರ್ಷ. ತ್ಯೂಶೆವ್ ರಕ್ತದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದ. ಅವನನ್ನು ಪೀಟರ್ಸ್‌ಬರ್ಗಿಗೆ ಚಿಕಿತ್ಸೆಗೆ ಕಳಿಸಬೇಕೋ ಬೇಡವೋ ಎಂದು ವೈದ್ಯಕೀಯ ಆಯೋಗ ಶುಕ್ರವಾರ ತೀರ್ಮಾನಿಸಲಿತ್ತು. ಕಾಯಿಲೆ ರಿಯಾಕ್ಟರಿನ ವಿಕಿರಣದಿಂದ ಬಂದದ್ದೆಂದು ಒಪ್ಪಲು ಅದಕ್ಕೆ ಸೋರಿಕೆಯ ದಾಖಲೆ ಬೇಕಿತ್ತು.

14.50ಕ್ಕೆ ವೆತೋಶ್ಕಿನ್ ನೌಕಾ ಕಚೇರಿಗೆ ಫೋನ್ ಮಾಡಿದ. ಸೋರಿಕೆ ಆಗಿತ್ತೇ?

"ಸೇವಾ ಪುಸ್ತಕ ನೋಡ್ಕೊಳ್ಳಿ."

"ಅದರಲ್ಲಿದೆ."

"ಅದು ಸುಳ್ಳು ಸಾಲು."

"ಹೇಗೆ ಗೊತ್ತು?"

"ಮೊದಲು ಪುಸ್ತಕದಲ್ಲಿ ಇರಲಿಲ್ಲವಲ್ಲ."

15.20ಕ್ಕೆ ಬಂಧನ. ಮೆಟ್ಟಿಲಿಳಿಯುವಾಗ ವೆತೋಶ್ಕಿನ್ ಕೇಳಿದ, "ಇಬ್ಬರೇ ಒಳಗೆ ಹೋಗಿದ್ದಾ?"

"ಮೂವರು."

"ಮೂರನೆಯವನ ಹೆಸರು ಯಾಕಿಲ್ಲ?"

ಪ್ರೋನಿನ್ ಕೋಟಿನ ಗುಂಡಿ ಹಾಕಿಕೊಂಡ. "ಬರೆಯೋನು ತನ್ನ ಹೆಸರನ್ನೂ ಸೇರಿಸ್ಕೊಂಡ್ರೆ ಯಾರು ನಂಬ್ತಾರೆ?"

ಬಂಧನದ ವರದಿಯ 'ಉದ್ದೇಶ' ಎಂಬ ಕಾಲಮಿನಲ್ಲಿ ವೆತೋಶ್ಕಿನ್ 'ಸ್ವಂತ ಲಾಭ ಕಂಡುಬಂದಿಲ್ಲ' ಎಂದು ಬರೆದ. ಶುಕ್ರವಾರ ಆಯೋಗ ಸೇರಿತು. ಸೇವಾ ಪುಸ್ತಕ ಸಾಕ್ಷ್ಯವಾಗಿ ಠಾಣೆಯ ಬೀರುವಿನಲ್ಲಿ ಮೊಹರಾಗಿ ಕುಳಿತಿದ್ದ ಕಾರಣ, ಯಾವ ದಾಖಲೆಯೂ ಹಾಜರಾಗಿಲ್ಲವೆಂದು ತ್ಯೂಶೆವ್‌ನ ಅರ್ಜಿ ವಜಾ ಆಯಿತು.