ನೋಯದ ಎರಡು ಕೈಗಳು

"ಇವತ್ತು ಇವರ ಜೊತೆ ನಾನು ಮಡಚಲ್ಲ ದೊಡ್ಡಮ್ಮ. ಬೇರೆ ಯಾರನ್ನಾದ್ರೂ ಕೊಡಿ!"

ಅಷ್ಟು ಜನರ ಮುಂದೆ ಅವನು ಹಾಗೆಂದಾಗ ಅವಳ ಕೈಯಲ್ಲಿದ್ದ ಬೆಡ್‌ಶೀಟಿನ ತುದಿ ಜಾರಿತು.

ಅದು ಆಸ್ಪತ್ರೆಯ ಲಾಂಡ್ರಿ. ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಆ ತುದಿಗೊಬ್ಬರು, ಈ ತುದಿಗೊಬ್ಬರು ನಿಂತು ಒದರಿ, ಎಳೆದು, ಎದುರುಬದುರು ನಡೆದು ಬಂದು ಅಂಚು ಸೇರಿಸಬೇಕು. ವರ್ಷದಿಂದ ಅವಳ ಎದುರು ತುದಿಗೆ ನಿಲ್ಲುತ್ತಿದ್ದವನು ಅವನೇ, ಎಲ್ಲರೂ ಎಡಚ ಎಂದು ಕರೆಯುವ ಆ ಮಿತಭಾಷಿ. ಪ್ರತಿ ಶೀಟಿಗೂ ಒಮ್ಮೆ ಬೆರಳಿಗೆ ಬೆರಳು ತಾಕುತ್ತಿತ್ತು. ಆ ಒಂದು ಕ್ಷಣಕ್ಕಾಗಿಯೇ ಅವಳು ಒಂದು ದಿನವೂ ರಜೆ ಹಾಕಿರಲಿಲ್ಲ!

ನಿನ್ನೆ ಸಿಬ್ಬಂದಿಗೆಲ್ಲ ಲಸಿಕೆ ಹಾಕಿದ್ದರು. ಬೆಳಗ್ಗೆ ಏಳುವಾಗ ಅವಳ ಎಡತೋಳು ಕಲ್ಲಿನಂತಾಗಿತ್ತು. ಅಮ್ಮನೇ ಜಡೆ ಹೆಣೆದು ಕಳಿಸಿದ್ದಳು.

'ಒಂದು ದಿನ ಕೈ ನಿಧಾನವಾಗಿದ್ದಕ್ಕೆ ನಾನು ಬೇಡವಾದೆನಾ...?'

"ಹೋಗಮ್ಮ, ಟವೆಲ್ ಮೇಜಿನ ಹತ್ರ ಕೂತ್ಕೋ," ಎಂದರು ದೊಡ್ಡಮ್ಮ. ಲಾಂಡ್ರಿಯ ಮೇಲ್ವಿಚಾರಕಿಯನ್ನು ಎಲ್ಲರೂ ಕರೆಯುವುದೇ ಹಾಗೆ.

ಕೂತಳು. ಒಣಗಿದ ಟವೆಲ್ಲುಗಳನ್ನು ಮತ್ತೆ ಒದ್ದೆ ಮಾಡುವಷ್ಟು ಅಳು ಬಂತು.

ಊಟದ ಹೊತ್ತಿಗೆ ಮನಸ್ಸು ಗಟ್ಟಿ ಮಾಡಿಕೊಂಡಳು. "ದೊಡ್ಡಮ್ಮ, ನಾಳೆಯಿಂದ ನನ್ನನ್ನ ಸಂಜೆ ಪಾಳಿಗೆ ಹಾಕಿಬಿಡಿ. ಅವರ ಮುಖ ನೋಡೋದೇ ಬೇಡ."

"ಹಾಕ್ತೀನಿ ಬಿಡು. ಆದ್ರೆ ಹೋಗೋ ಮುಂಚೆ ಆ ಮುಖಾನ ಒಂದ್ಸಲ ಸರಿಯಾಗಿ ನೋಡು. ಬೆಳಗ್ಗೆ ನೀನು ಚೀಲ ನೇತುಹಾಕೋಕೆ ಒದ್ದಾಡಿದ್ದು ಕಂಡು ನನ್ನ ತಲೆ ತಿಂದಿದ್ದಾನೆ, 'ಅವರಿಗೆ ಕೂತ್ಕೊಳ್ಳೋ ಕೆಲಸ ಕೊಡಿ' ಅಂತ. ಅವನ ಜೊತೆಗೆ ಯಾರನ್ನ ಕೊಡಲಿ? ಎಲ್ಲರ ತೋಳೂ ಊದಿದೆ. ಒಬ್ಬನೇ ಗುದ್ದಾಡ್ತಿದ್ದಾನೆ."

ಅವಳು ತಿರುಗಿ ನೋಡಿದಳು.

ಶೀಟಿನ ಒಂದು ತುದಿಯನ್ನು ಗೋಡೆಯ ಕೊಕ್ಕೆಗಳಿಗೆ ಸಿಕ್ಕಿಸಿ, ಇನ್ನೊಂದನ್ನು ಎಡಗೈ, ಗದ್ದ ಎಲ್ಲ ಸೇರಿಸಿ ಅವನು ಮಡಚಲು ಹೆಣಗುತ್ತಿದ್ದ. ಬಲಗೈ ಜೋತುಬಿದ್ದಿತ್ತು. ಎಡಚನಲ್ಲವೇ, ಚುಚ್ಚಿಸಿಕೊಂಡಿದ್ದು ಬಲತೋಳಿಗೆ!

ಅವಳ ಕಾಲುಗಳು ತಾವಾಗಿಯೇ ಅತ್ತ ನಡೆದವು.

"ನಿಮಗೂ ನೋವಿದೆ ಅಲ್ವಾ? ನನಗೊಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಕೇಳೋರಾ ನೀವು? ಜ್ವರ ಬಂದಾಗ್ಲೂ ರಜ ಹಾಕಿಲ್ಲ. ಅಷ್ಟು ಕೆಲಸದ ಹುಚ್ಚು!"

"ಕೆಲಸದ ಹುಚ್ಚಲ್ಲ..." ಅವಳು ತಲೆ ತಗ್ಗಿಸಿದಳು. "ರಜ ಹಾಕಿದ್ರೆ ನೀವು ಕಾಣಿಸ್ತಿರಲಿಲ್ಲ."

ಅವನ ಗದ್ದದಡಿಯಿಂದ ಶೀಟು ಜಾರಿತು. ಅವಳು ಬಲಗೈ ಚಾಚಿ ಹಿಡಿದಳು.

"ನಾನು..." ಅವನು ಶೀಟಿನ ಅಂಚನ್ನೇ ನೋಡುತ್ತಾ ಹೇಳಿದ. "ವಾರದ ರಜೇಲೂ ಗೇಟಿನ ತನಕ ಬಂದು ವಾಪಸ್ ಹೋಗಿದ್ದೀನಿ."

ವರ್ಷವಿಡೀ ಅವರ ನಡುವೆ ಒಂದು ಶೀಟಿನ ಉದ್ದವಿತ್ತು. ಈಗ ಪಕ್ಕಪಕ್ಕ ನಿಂತರು. ಎಡ ಮೂಲೆಗೆ ಅವನ ಎಡಗೈ, ಬಲ ಮೂಲೆಗೆ ಅವಳ ಬಲಗೈ. ನಡುವೆ ನೋಯುವ ಎರಡು ತೋಳುಗಳು ಒಂದಕ್ಕೊಂದು ತಾಕಿ...

"ಅಯ್ಯೋ!" ಇಬ್ಬರೂ ಒಟ್ಟಿಗೆ ಕೂಗಿದರು.

"ಮೆಲ್ಲಗೆ ಕಣ್ರೋ!" ದೊಡ್ಡಮ್ಮ ಅಲ್ಲಿಂದಲೇ ನಕ್ಕರು.

ಹೇಳದೆಯೇ ತನ್ನ ನೋವನ್ನು ಕಂಡುಕೊಂಡವನೊಬ್ಬ ಇದ್ದಾನೆ! ಚುಚ್ಚಿದ ಆ ಸೂಜಿಗೇ ಕೈಮುಗಿಯಬೇಕೆನಿಸಿತು ಅವಳಿಗೆ. ಕೈ ಮೇಲೆದ್ದರೆ ತಾನೇ!

"ಈ ನೋವು ಇಳಿದ ಮೇಲೆ... ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?" ಅವನು ಮೆಲ್ಲಗೆ ಕೇಳಿದ.

"ಅಲ್ಲೀತನಕ ಯಾಕೆ ಕಾಯ್ಬೇಕು?" ಎಂದಳು ಅವಳು. "ಇವತ್ತು ಸಂಜೇನೇ ಬನ್ನಿ..."