ಟ್ರೇಲರ್‌ನಲ್ಲಿ ಇಲ್ಲದ ಅಳು

"ಕ್ಯಾಮೆರಾ ಆಫ್ ಮಾಡು... ಅಪ್ಪ ಹೋಗ್ತಿದಾರೆ, ಆಫ್ ಮಾಡೋ!"

ಪರದೆಯ ಮೇಲಿನ ನಾಯಕಿ ಕಿರುಚಿದಳು. ಕಿಟಕಿಯಿಲ್ಲದ ಸೌಂಡ್ ಸ್ಟುಡಿಯೋದಲ್ಲಿ ಆ ಟ್ರೇಲರ್‌ಗೆ ಶಬ್ದ ಹೊಂದಿಸಲು ಕೂತಿದ್ದ ಸೌಂಡ್ ಎಂಜಿನಿಯರ್ ಬೆಚ್ಚಿಬಿದ್ದಳು.

ಅದು ಅವಳದೇ ಮಾತು! ಅಪ್ಪ ಕೊನೆಯುಸಿರೆಳೆದ ಆಸ್ಪತ್ರೆಯ ಕೋಣೆಯಲ್ಲಿ ಅವಳೇ ಕೂಗಿದ್ದ ಮಾತು.

ಟ್ರೇಲರ್‌ನ ಹುಡುಗನಿಗೆ ಸಿನಿಮಾ ಮಾಡುವ ಹುಚ್ಚು. ಅವನು ಕ್ಯಾಮೆರಾ ಇಳಿಸಲೇ ಇಲ್ಲ. ಪಿಟೀಲುಗಳು ಮೊರೆದವು. 'ಕನಸಿಗಾಗಿ ಎಲ್ಲವನ್ನೂ ಕೊಟ್ಟವನ ಕಥೆ' ಎಂಬ ಅಕ್ಷರ ಮೂಡಿತು. ಮುಗಿಯಿತು.

'ಎಲ್ಲವನ್ನೂ ಕೊಟ್ಟನಂತೆ! ಕೊಟ್ಟಿದ್ದು ನನ್ನ ಅಪ್ಪನ ಸಾವನ್ನ...'

"ಹೇಗಿದೆ?"

ಬೆನ್ನ ಹಿಂದೆ ಬಾಗಿಲಲ್ಲಿ ಅವನೇ ನಿಂತಿದ್ದ. ಸಿನಿಮಾದ ನಿರ್ದೇಶಕ. ಒಂದು ಕಾಲಕ್ಕೆ ಅವಳ ಪ್ರಾಣವೇ ಆಗಿದ್ದವನು.

"ಯಾವ ಮುಖ ಇಟ್ಕೊಂಡು ಕೇಳ್ತೀಯಾ?"

ಅವಳ ಅಪ್ಪ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಅವರ ಕುರಿತೇ ಇವನು ತನ್ನ ಮೊದಲ ಸಾಕ್ಷ್ಯಚಿತ್ರ ಮಾಡುತ್ತಿದ್ದ. "ಏನ್ರೀ ಡೈರೆಕ್ಟ್ರೇ, ನಂಗೆ ಹೀರೋಯಿನ್ ಯಾರ‍್ರೀ?" ಎಂದು ಅಪ್ಪ ಹಾಸಿಗೆ ಹಿಡಿದ ಮೇಲೂ ಕಾಡಿಸುತ್ತಿದ್ದರು. ಆ ಕೊನೆಯ ದಿನವೂ ಕ್ಯಾಮೆರಾ ಓಡುತ್ತಲೇ ಇತ್ತು. ಅವಳು ಅವನನ್ನು ಹೊರಗೆ ದಬ್ಬಿದ್ದಳು. ಆಮೇಲೆ ಮುಖ ನೋಡಿರಲಿಲ್ಲ.

"ಆಫ್ ಮಾಡು ಅಂದೆ. ನೀನು ಮಾಡ್ಲಿಲ್ಲ."

"ಮಾಡ್ಲಿಲ್ಲ. ತಪ್ಪು ನಂದೇ."

ಅವನು ವಾದಿಸಿದ್ದರೆ ಚೆನ್ನಾಗಿತ್ತು. ಒಪ್ಪಿಕೊಂಡದ್ದಕ್ಕೆ ಅವಳಿಗೆ ಇನ್ನೂ ಉರಿಯಿತು.

"ನೀನಿಲ್ಲಿ ಕೆಲಸ ಮಾಡ್ತೀಯ ಅಂತಾನೇ ಸಿನಿಮಾನ ಈ ಸ್ಟುಡಿಯೋಗೆ ಕೊಟ್ಟೆ. ನೀನು ಬೇಡ ಅಂದ್ರೆ ಸಿನಿಮಾ ಹೊರಗೆ ಬರಲ್ಲ. ಆದ್ರೆ ಟ್ರೇಲರ್‌ಗೆ ಅಂತ ದೃಶ್ಯಾನ ಅರ್ಧಕ್ಕೇ ಕತ್ತರಿಸಿದ್ದು ನಾನಲ್ಲ, ಎಡಿಟರ್. ಆ ದೃಶ್ಯ ಪೂರ್ತಿ ಕೇಳು... ಆಮೇಲೆ ಮತ್ತೆ ಹೊರಗೆ ದಬ್ಬು."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಪಿಟೀಲಿನ ಟ್ರ್ಯಾಕ್ ಮ್ಯೂಟ್ ಮಾಡಿ, ಕತ್ತರಿ ಬಿದ್ದ ಜಾಗ ದಾಟಿ, ದೃಶ್ಯದ ಮೂಲ ಶಬ್ದವನ್ನು ಓಡಿಸಿದಳು.

ಏದುಸಿರು. ಅದು ನಿಂತಿತು. ನೂಕಾಟ. ದಢಾರ್ ಎಂದು ಬಾಗಿಲು ಬಡಿದ ಸದ್ದು.

ಆಮೇಲೆ ಅಳು. ಮೂಗು ಸೊರಸೊರ ಎನ್ನುವ, ಉಸಿರು ಸಿಕ್ಕಿಕೊಳ್ಳುವ, ಕೇಳಲು ಚೂರೂ ಚೆಂದವಿಲ್ಲದ ಅಳು. ಯಾವ ನಟನೂ ಹಾಗೆ ಅಳುವುದಿಲ್ಲ.

"ಇದು... ಆ ಹುಡುಗ ಅತ್ತಿದ್ದಲ್ಲ."

"ಅಲ್ಲ. ಅವತ್ತಿಂದೇ ಅದು, ನಾನು ಅತ್ತಿದ್ದು. ಆಸ್ಪತ್ರೆ ಕಾರಿಡಾರ್‌ನಲ್ಲಿ ಕ್ಯಾಮೆರಾ ಇನ್ನೂ ಓಡ್ತಿತ್ತು." ಅವನ ದನಿ ಒಡೆಯಿತು. "ಕಣ್ಣಿಂದ ಕ್ಯಾಮೆರಾ ತೆಗೆದ್ರೆ ಅವರು ಹೋಗಿದ್ದು ನಿಜ ಆಗ್ಬಿಡುತ್ತೆ ಅಂತ ಭಯ ಆಯ್ತು ಕಣೇ. ನಂಗೂ ಇನ್ಯಾರಿದ್ರು? ಅವರೇ ಅಪ್ಪ ಆಗಿದ್ರಲ್ಲ..."

ಅವಳು ಹೆಡ್‌ಫೋನ್ ತೆಗೆದಳು. ಅವತ್ತು ಅಪ್ಪನನ್ನು ಕಳೆದುಕೊಂಡವಳು ತಾನೊಬ್ಬಳೇ ಎಂದುಕೊಂಡಿದ್ದಳು. ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೆ ಆ ಬಾಗಿಲಿನ ಸದ್ದು ಕಿವಿಯಿಂದ ಇಳಿಯುತ್ತಲೇ ಇರಲಿಲ್ಲ. ಬಾಗಿಲು ಹಾಕಿದ್ದು ಅವಳೇ.

"ಈ ಪಿಟೀಲು ತೆಗೆದುಹಾಕ್ತೀನಿ. ಟ್ರೇಲರ್ ಈ ಅಳುವಿನ ಮೇಲೇ ಮುಗೀಲಿ."

"ಅಂದ್ರೆ... ಸಿನಿಮಾ ಬರಲಿ ಅಂತೀಯಾ?"

"ಬರಲಿ." ಅವಳ ಕಣ್ಣು ತುಂಬಿತು. "ಅವತ್ತು ನಾವಿಬ್ರೂ ಒಟ್ಟಿಗೆ ಅಳಬೇಕಿತ್ತು ಕಣೋ..."

"ಇವತ್ತಿಗೂ ನೀನೇ ಬೇಕು ನಂಗೆ. ನಿನ್ನ ಬಿಟ್ಟು ಯಾರ ಮುಂದೇನೂ ಅಳೋಕೆ ಬರ್ಲಿಲ್ಲ."

ಅವಳು ಅವನ ಖಾಲಿ ಕೈಗಳನ್ನೇ ನೋಡಿದಳು.

"ಕ್ಯಾಮೆರಾ ತಂದಿದೀಯಾ?"

"ಇಲ್ಲ."

ಅವಳು ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು.

"ಹಾಗಾದ್ರೆ ಬಾ... ಕೂತ್ಕೋ."