ಹದಿನಾಲ್ಕನೇ ನಂಬರಿನ ಹಾಳೆಗಳು

2025ರ ಜೂನ್ 17, ಮಂಗಳವಾರ. ಬೆಳಿಗ್ಗೆ 10-20ಕ್ಕೆ ಸವಣೂರಿನ ಉಮೈಮಾ ಶಿಗ್ಗಾಂವಿ ಠಾಣೆಗೆ ದೂರು ತಂದಳು. ಆಕೆ ಮೆಕ್ಯಾನಿಕಲ್ ಮತ್ತು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ದುಂಡಸಿ ರಸ್ತೆಯ ಬೀಜ ಘಟಕದಲ್ಲಿ ನಲವತ್ತು ದಿನ ಸ್ಟಾಪ್‌ವಾಚ್ ಹಿಡಿದು ನಿಂತು, ಒಂದು ತಟ್ಟೆ ಬೀಜ ಆರಿಸಲು ಯಾವ ಹೆಂಗಸಿಗೆ ಎಷ್ಟು ಸೆಕೆಂಡು ಬೇಕೆಂದು ಬರೆದಿದ್ದಳು. ಸೋಮವಾರ ಸಂಜೆ ಘಟಕದ ಕಪಾಟಿನಲ್ಲಿಟ್ಟ ಆ ಹಾಳೆಗಳಲ್ಲಿ ಕೆಲವು ಬೆಳಗಾಗುವಷ್ಟರಲ್ಲಿ ಕಳುವಾಗಿದ್ದವು.

"ಕಂಪ್ಯೂಟರಿನ್ಯಾಗ ಇಲ್ಲೇನು?" ಪಿಎಸ್‌ಐ ಮೈಲಾರಲಿಂಗ ಕೇಳಿದ.

"ನಮ್ಮ ಗೈಡ್ ಮೂಲ ಹಾಳಿನ ಕೇಳ್ತಾರ್ರಿ. ಶುಕ್ರವಾರ ತೋರಸದಿದ್ರ ಎಲ್ಲಾ ನೀರಾಗ ಹೋದ್ಹಂಗ."

ಎಫ್‌ಐಆರ್ ದಾಖಲಾಯಿತು. 11-45ಕ್ಕೆ ಬೀಜ ಘಟಕದಲ್ಲಿ ಸ್ಥಳ ಪಂಚನಾಮೆ. ಕಪಾಟಿನ ಕೀಲಿ ಪಕ್ಕದ ಮೊಳೆಗೇ ನೇತಾಡುತ್ತಿತ್ತು. ಇಂಥ ಭದ್ರತೆಗೆ ಕಳ್ಳ ಬೆವರುವ ಅಗತ್ಯವಿರಲಿಲ್ಲ. ಲ್ಯಾಪ್‌ಟಾಪ್ ಅಲ್ಲೇ ಇತ್ತು. ಇಪ್ಪತ್ತಾರು ಹೆಂಗಸರ ಹಾಳೆಗಳಲ್ಲಿ ಹದಿನಾಲ್ಕನೇ ನಂಬರಿನ ಎಂಟು ಮಾತ್ರ ಇರಲಿಲ್ಲ.

"ಗೌಸಬೀನ ಹಿಡೀರಿ," ಎಂದ ಮ್ಯಾನೇಜರ್ ಮಹಾಂತೇಶ. "ಆಕಿನ ಎಲ್ಲಾರಕಿಂತ ನಿಧಾನ. ಹೊಟ್ಟಿಕಿಚ್ಚು."

"ಹದಿನಾಲ್ಕು ಯಾರು?"

"ಹೊಳೆವ್ವ. ಮಷಿನ್ ಇದ್ದಂಗ! ಈ ಹುಡುಗಿ ವರದಿ ಕೊಟ್ಟ ಮ್ಯಾಲೆ ಆಕಿ ವ್ಯಾಳೆನ ಎಲ್ಲಾರಿಗೂ ಅಳತಿ ಮಾಡ್ತೇವಿ. ಮುಟ್ಟದವರು ಜುಲೈದಿಂದ ಬ್ಯಾಡ. ಹನ್ನೊಂದು ಮಂದಿ ಆಗ್ತಾರ. ನಿನ್ನೆ ಎಲ್ಲಾರಿಗೂ ಹೇಳೇನಿ."

ಹೇಳಿ ಮುಗಿಸಿ ಚಹಾ ತರಿಸಿದ. ಮೈಲಾರಲಿಂಗನಿಗೆ ಅದನ್ನು ಕುಡಿಯುವ ಮನಸ್ಸಾಗಲಿಲ್ಲ.

ಗೌಸಬಿಗೆ ಅಂಕಿಯೇ ಓದಲು ಬರುತ್ತಿರಲಿಲ್ಲ. ಹಾಳೆಗಳ ಮೇಲೆ ಹೆಸರೂ ಇರಲಿಲ್ಲ, ಬರೀ ನಂಬರು.

"ನಂಬರ್ ಯಾರಿಗೆ ಹೇಳಿದ್ದಿ?" ಎಂದು ಉಮೈಮಾಳನ್ನು ಕೇಳಿದ.

"ಮ್ಯಾನೇಜರ್ ಬಿಟ್ರ ಹೊಳೆವ್ವಗ ಅಷ್ಟ ರೀ. ‘ಅವ್ವಾ, ನೀನ ಫಸ್ಟು’ ಅಂತ ಖುಷಿಲೆ ತೋರಿಸಿದ್ದೆ."

ಕಾನ್‌ಸ್ಟೆಬಲ್ ಮಂಜುಳಾ ಗೇಟಿನ ರಿಜಿಸ್ಟರ್ ತಿರುವಿದಳು. ಸೋಮವಾರ ಉಳಿದವರೆಲ್ಲ 5-10ಕ್ಕೆ ಹೊರಟಿದ್ದರು, ಹೊಳೆವ್ವ 5-35ಕ್ಕೆ.

ಮಧ್ಯಾಹ್ನ 3ಕ್ಕೆ ಹಿರೇಬೆಂಡಿಗೇರಿ, ಹೊಳೆವ್ವನ ಊರು. ಆಕೆಯ ಮನೆಯ ಟ್ರಂಕಿನಲ್ಲಿ, ಸೀರೆಗಳ ನಡುವೆ ಎಂಟೂ ಹಾಳೆ ಸಿಕ್ಕವು. ಪಂಚರ ಎದುರು ಜಪ್ತಿಯಾಯಿತು.

"ಹರದು ಒಲಿಗೆ ಹಾಕಬಹುದಿತ್ತಲ್ಲ?" ಮೈಲಾರಲಿಂಗ ಕೇಳಿದ.

"ಆ ಹುಡುಗಿ ನಿಂತು ನಿಂತು ಬರದದ್ದು ರೀ. ಮನಸಾಗಲಿಲ್ಲ."

"ಮತ್ತ ಕದ್ದಿದ್ಯಾಕ?"

"ನನ್ನ ಕೈಲಿಂದ ಗೌಸಬಿ ಕೆಲಸ ಹೋಗಬಾರದ್ರಿ. ಹನ್ನೆರಡು ವರ್ಷ ಒಂದ ಚಾಪಿ ಮ್ಯಾಲೆ ಕುಂತೇವಿ."

4-15ಕ್ಕೆ ಮಂಜುಳಾ ಆಕೆಯನ್ನು ಬಂಧಿಸಿದಳು. ಹೊಳೆವ್ವ ತಾನೇ ಬಾಗಿಲು ಹಾಕಿಕೊಂಡು ಜೀಪು ಹತ್ತಿದಳು.

ಠಾಣೆಯಲ್ಲಿ ಉಮೈಮಾ ಎದುರಾದಳು. "ನನಗರ ಹೇಳಬಾರದಿತ್ತೇನವ್ವಾ?"

"ಏನ್ ಹೇಳ್ಲಿ ತಾಯಿ? ನೀ ಗಡಿಯಾರ ಹಿಡಕೊಂಡು ಬಂದ್ರ ಕೈ ಜೋರ್ ಮಾಡ್ತಿದ್ದೆ. ನಮ್ಮ ಕಡಿ ಹುಡುಗಿ, ಓದಾಕತ್ತಾಳ, ಚಲೋ ಬರಕೊಳ್ಲಿ ಅಂತ. ನೀ ಆಚಿ ಹೋದ ಮ್ಯಾಲೆ ನಾನೂ ಎಲ್ಲಾರಂಗ."

ಉಮೈಮಾ ಮೈಲಾರಲಿಂಗನ ಕಡೆ ತಿರುಗಿದಳು. ದೂರು ವಾಪಸ್ ಪಡೆಯಬಹುದೇ ಎಂದಳು. ಅದು ಇನ್ನು ಕೋರ್ಟಿನ ಮಾತು ಎಂದ ಮೈಲಾರಲಿಂಗ. ಅವನಿಗೂ ಸಂಕಟವಾಗಿತ್ತು. ಕೇಸ್ ಡೈರಿಯಲ್ಲಿ ಬರೆದ: ‘ಆರೋಪಿತಳಿಗೆ ಸ್ವಂತ ಲಾಭದ ಉದ್ದೇಶವಿರಲಿಲ್ಲ. ತನ್ನ ವೇಗದಿಂದ ಹನ್ನೊಂದು ಮಂದಿ ಕೆಲಸ ಕಳೆದುಕೊಳ್ಳುತ್ತಾರೆಂಬ ಭಯದಿಂದ ಕದ್ದಿದ್ದಾಳೆ.’

ಹೊರಗೆ ಉಮೈಮಾ ಗೈಡಿಗೆ ಫೋನ್ ಹಚ್ಚಿದ್ದಳು.

"ಹಾಳಿ ಸಿಕ್ಕಾವ್ರಿ ಸರ್. ಆದ್ರ ಅದರಾಗಿನ ಅಂಕಿ ಖೊಟ್ಟಿ ಅದಾವ. ಮ್ಯಾನೇಜರಿಗೆ ವರದಿ ಕೊಡಂಗಿಲ್ಲ. ಮೊದಲಿಂದ ಮಾಡ್ತೇನಿ."